ಬಡಿಗೆಗೆ ಬಿದ್ದ ದೀರ್ಘ

ಅಂಟಣ್ಣನಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಅದು ಕಚೇರಿಯ ಹಾಜರಿ ಪುಸ್ತಕದಲ್ಲಿ ತನ್ನ ಪಾಡಿಗೆ ತಾನು ಬಿದ್ದುಕೊಂಡಿತ್ತು. ಪಾರ್ಸಲ್ ಕಚೇರಿಯಲ್ಲಿ ಹದಿನಾರು ವರ್ಷದಿಂದ ಪೆಟ್ಟಿಗೆಗಳಿಗೆ ವಿಳಾಸದ ಚೀಟಿ ಅಂಟಿಸುತ್ತಿದ್ದವನನ್ನು ಜನ ಅಂಟಣ್ಣ ಎಂದೇ ಕರೆದರು, ಅವನೂ ಓ ಎಂದ.

ಕೆಲಸದಲ್ಲಿ ಅವನು ನಿಷ್ಠಾವಂತ. ಎದುರಿಗೆ ಬಂದದ್ದಕ್ಕೆಲ್ಲ ಚೀಟಿ ಅಂಟಿಸಿಬಿಡುವಷ್ಟು ನಿಷ್ಠಾವಂತ. ಒಮ್ಮೆ ಮಾತಿನ ಭರದಲ್ಲಿ ತನ್ನ ಊಟದ ಡಬ್ಬಿಗೇ ಯಾವುದೋ ದೂರದ ಊರಿನ ವಿಳಾಸ ಅಂಟಿಸಿದ್ದ. ಡಬ್ಬಿ ಒಂಬತ್ತು ದಿನ ಊರೂರು ಸುತ್ತಿ, ‘ವಿಳಾಸದಾರರು ಸಿಗಲಿಲ್ಲ’ ಎಂಬ ಮುದ್ರೆ ಹಾಕಿಸಿಕೊಂಡು ವಾಪಸು ಬಂತು. ಅದನ್ನು ಮುಚ್ಚಳ ತೆರೆಯದೆ ಮಣ್ಣು ಮಾಡಬೇಕಾಯಿತು.

ಇಂಥ ಅಂಟಣ್ಣನನ್ನು ಒಂದು ದಿನ ಮಗಳ ಶಾಲೆಯಿಂದ ಟೀಚರಮ್ಮ ಕರೆಸಿದರು. ಮಗಳ ಹೆಸರು ಮನೆಯಲ್ಲೂ ಬೀದಿಯಲ್ಲೂ ಬುಗುರಿ. ಒಂದು ಕಡೆ ನಿಂತವಳಲ್ಲ, ಕೂತವಳಂತೂ ಅಲ್ಲವೇ ಅಲ್ಲ. ಟೀಚರಮ್ಮ ಹೇಳಿದ ಕೂಡಲೇ ಬುಗುರಿ ಪುಸ್ತಕ ಹಿಡಿದು ಇಡೀ ಪಾಠವನ್ನು ಗಡಗಡ ಓದಿದಳು. ಒಂದೇ ಒಂದು ತಪ್ಪಿಲ್ಲ. ಅಂಟಣ್ಣ ಮೀಸೆಯ ಮೇಲೆ ಕೈಯಾಡಿಸಿದ. ಟೀಚರಮ್ಮ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು, ತಿರುಗಿಸಿ, ಮತ್ತೆ ಅವಳ ಕೈಗೆ ಕೊಟ್ಟರು. ಅಷ್ಟು ಹೊತ್ತೂ ಅದು ತಲೆಕೆಳಗಾಗಿತ್ತು.

“ಇವಳು ಓದ್ತಾ ಇಲ್ಲ, ಒಪ್ಪಿಸ್ತಾ ಇದಾಳೆ,” ಎಂದರು ಟೀಚರಮ್ಮ. “ಕೇಳಿ ಕೇಳಿ ಬಾಯಿಪಾಠ ಮಾಡ್ಕೊಂಡಿದಾಳೆ. ತಿಂಗಳ ಕೊನೆಯ ಸೋಮವಾರ ಇವಳು ಕಂಡಿರದ ಒಂದು ಸಾಲು ಕೊಡ್ತೀನಿ. ಓದಿದ್ರೆ ಎರಡನೇ ತರಗತಿ. ಇಲ್ಲದಿದ್ರೆ ಇನ್ನೊಂದು ವರ್ಷ ಇಲ್ಲೇ, ಚಿಕ್ಕ ಮಕ್ಕಳ ಜೊತೆ.”

“ಓದಿಸ್ತೀನಿ ಮೇಡಂ.”

“ಬೈಬೇಡಿ, ಹೊಡೀಬೇಡಿ. ಆಟ ಆಡಿಸಿ. ಅಕ್ಷರ ಕೈಗೆ ಸಿಗೋ ಹಾಗೆ ಮಾಡಿ.”

ಇಲ್ಲಿಗೆ ಮಾತು ನಿಲ್ಲಿಸಿ ನಮಸ್ಕಾರ ಹಾಕಿ ಬಂದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಆದರೆ ಅಂಟಣ್ಣ ಎದೆಯುಬ್ಬಿಸಿದ. “ಅಕ್ಷರದ ವಿಷಯ ನನಗೆ ಹೇಳ್ತೀರಾ ಮೇಡಂ? ನಾನು ಅಕ್ಷರದಲ್ಲೇ ಮುಳುಗಿ ಎದ್ದೋನು. ಒಂದು ತಿಂಗಳು. ನಮ್ಮ ಮನೆ ನೋಡೋಕೆ ನೀವೇ ಬರ್ತೀರಿ, ನೋಡ್ತಾ ಇರಿ!”

ದಾರಿಯಲ್ಲಿ ಬುಗುರಿ ಅವನ ಬೆರಳು ಹಿಡಿದು ಕುಪ್ಪಳಿಸುತ್ತ ಬಂದಳು. “ಅಪ್ಪಾ, ಎರಡನೇ ಕ್ಲಾಸಲ್ಲಿ ಬೆಂಚು ಕಿಟಕಿ ಪಕ್ಕ ಇದೆಯಂತೆ. ನನ್ನ ಫ್ರೆಂಡು ನನಗೂ ಜಾಗ ಹಿಡಿತಾಳಂತೆ.” ಅಂಟಣ್ಣನಿಗೆ ಗೆಳತಿಯರೆಲ್ಲ ಮುಂದಿನ ಕೋಣೆಗೆ ಹೋಗಿ, ಇವಳೊಬ್ಬಳೇ ಹಿಂದಿನ ಬೆಂಚಿನಲ್ಲಿ ಉಳಿದ ಚಿತ್ರ ಕಣ್ಣಿಗೆ ಕಟ್ಟಿತು. ಹಾಗಾಗಬಾರದು ಎಂದು ಅವನು ಆ ಬೀದಿಯ ತಿರುವಿನಲ್ಲೇ ನಿಶ್ಚಯಿಸಿದ.

ಮೊದಲ ಪ್ರಯೋಗಕ್ಕೆ ಬೇಕಾದದ್ದೆಲ್ಲ ಅವನ ಕೈಯಲ್ಲೇ ಇತ್ತು. ಚೀಟಿ ಮತ್ತು ಗೋಂದು. ಒಂದೇ ಸಂಜೆಯಲ್ಲಿ ಮನೆಯ ಸಾಮಾನೆಲ್ಲ ತಮ್ಮ ತಮ್ಮ ಹೆಸರು ಹೊತ್ತು ನಿಂತವು. ಬಾಗಿಲು, ಕಿಟಕಿ, ಮಂಚ, ಗಡಿಯಾರ, ಕುರ್ಚಿ. ಕನ್ನಡಿಯ ನಟ್ಟನಡುವೆ ‘ಕನ್ನಡಿ’ ಎಂದು ಅಂಟಿಸಿದ್ದರಿಂದ ಮನೆಯವರಿಗೆ ತಮ್ಮ ಹಣೆ ಮತ್ತು ಗಲ್ಲ ಮಾತ್ರ ಕಾಣತೊಡಗಿದವು. ಎದುರುಮನೆ ಅಜ್ಜಿಯ ಬೆಕ್ಕು ಹಾಲಿನ ಆಸೆಗೆ ಒಳಗೆ ಬಂದು, ಬೆನ್ನಿನ ಮೇಲೆ ‘ಬೆಕ್ಕು’ ಎಂದು ಹೊತ್ತುಕೊಂಡು ವಾಪಸು ಹೋಯಿತು.

ಅಜ್ಜಿ ಕಿಟಕಿಯಿಂದಲೇ ಕೂಗಿದರು. “ಬೆಕ್ಕು ಅಂತ ಬರೆದು ಕಳಿಸಿದೀಯಲ್ಲಪ್ಪ, ನಾನು ಇಷ್ಟು ವರ್ಷ ಏನು ಆನೆ ಅಂದ್ಕೊಂಡಿದ್ನಾ?”

ಬುಗುರಿಯ ಆಕ್ಷೇಪಣೆಯೂ ಅದೇ. “ಅದು ಕುರ್ಚಿ ಅಂತ ಗೊತ್ತಲ್ಲಪ್ಪ. ಮತ್ಯಾಕೆ ಚೀಟಿ?” ಎಂದು ಕೇಳಿ, ಚೀಟಿಯ ಕಡೆ ನೋಡದೆ ಕುರ್ಚಿಯ ಮೇಲಿಂದ ಹಾರಿ ಹೋದಳು.

ಗೋಂದಿನ ಅಧ್ಯಾಯ ಮುಗಿಸಿದವರು ಮಹಡಿ ಯಜಮಾನರು. ಅಂಟಣ್ಣ ಇದ್ದದ್ದು ಅವರ ಮನೆಯ ಕೆಳಭಾಗದಲ್ಲಿ, ಬಾಡಿಗೆಗೆ. ಯಜಮಾನರು ಮೂವತ್ತೆಂಟು ವರ್ಷ ಒಂದು ದೊಡ್ಡ ಕಚೇರಿಯಲ್ಲಿ ಬೇರೆಯವರ ಕಾಗದಪತ್ರಗಳ ಕಾಗುಣಿತ ತಿದ್ದಿ ನಿವೃತ್ತರಾದವರು. ಅವರ ಕೈಯಿಂದ ಒಂದು ತಪ್ಪಕ್ಷರ ಬಿದ್ದದ್ದನ್ನು ಕಂಡವರಿಲ್ಲ, ಕಾಣಲು ಧೈರ್ಯವಿದ್ದವರೂ ಇರಲಿಲ್ಲ. ಅವರು ಬಚ್ಚಲ ನಲ್ಲಿ ಸೋರುವ ವಿಷಯ ವಿಚಾರಿಸಲು ಕೆಳಗೆ ಬಂದು, ಹತ್ತು ನಿಮಿಷ ಕುರ್ಚಿಯಲ್ಲಿ ಕೂತು ಉಪದೇಶ ಮಾಡಿ, ಅಲ್ಲಿಂದ ನೇರ ಪಾರ್ಕಿಗೆ ವಾಕಿಂಗ್ ಹೋದರು. ಗೋಂದು ಇನ್ನೂ ಹಸಿಯಾಗಿತ್ತು. ಪಾರ್ಕನ್ನು ಆರು ಸುತ್ತು ಹಾಕಿದ ಮೇಲೆ ವಾಕಿಂಗ್ ಗೆಳೆಯರೊಬ್ಬರು ಬಹಳ ವಿನಯದಿಂದ, “ಯಜಮಾನ್ರೆ, ಹಿಂದೆ ಕುರ್ಚಿ ಅಂತ ಬರ್ಕೊಂಡು ಓಡಾಡ್ತಾ ಇದೀರಲ್ಲ, ಯಾರಾದ್ರೂ ಕೂತ್ಕೋಬಹುದಾ?” ಎಂದು ಕೇಳಿದರು.

ಆ ದಿನದಿಂದ ಯಜಮಾನರು ಅಂಟಣ್ಣನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಹೆಂಡತಿ ಗೋಂದಿನ ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟಳು.

ಎರಡನೇ ಪ್ರಯೋಗ ನೆಲದ ಮೇಲೆ ನಡೆಯಿತು. ಸೀಮೆಸುಣ್ಣದಲ್ಲಿ ದೊಡ್ಡ ದೊಡ್ಡ ಅಕ್ಷರ ಬರೆದು, ಒಂದರಿಂದ ಒಂದಕ್ಕೆ ಹಾರುವುದು. ‘ಮ’ದಿಂದ ‘ರ’ಕ್ಕೆ ಹಾರಿದರೆ ಮರ. ಬುಗುರಿಗೆ ಹಾರಲು ಹೇಳಬೇಕೇ? ಕುಣಿದಾಡಿಬಿಟ್ಟಳು. ಹಾರುವ ಕ್ರಮ ತೋರಿಸಲು ಹೋದ ಅಂಟಣ್ಣ ಮಾತ್ರ ‘ಳ’ದ ಮೇಲೆ ಜಾರಿ ಬಿದ್ದು, ಹೆಚ್ಚುಕಡಿಮೆ ಅದೇ ಅಕ್ಷರದ ಆಕಾರದಲ್ಲಿ ಸ್ವಲ್ಪ ಹೊತ್ತು ಮಲಗಿದ್ದ.

ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಹೆಂಡತಿ ಹೇಳಿದಳು. “ರೀ, ನೀವು ಹಾರೋದು ಸಾಕು. ನನ್ನ ಹತ್ರ ಬಟ್ಟೆ ಕ್ಲಿಪ್ಪು ಒಂದು ಚೀಲ ಇದೆ, ಅದರಲ್ಲಿ ಏನಾದ್ರೂ ಮಾಡಿ.” ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ನೋಡಿಕೊಳ್ಳುವವಳು. ಕ್ಲಿಪ್ಪಿಗೆ ಕೊರತೆಯಿಲ್ಲ, ಬುದ್ಧಿಗೂ ಇಲ್ಲ.

ಮೂರನೇ ಪ್ರಯೋಗ ಹೀಗೆ ಅವಳದಾಯಿತು. ಹೊಗಳಿಕೆಯನ್ನು ಅಂಟಣ್ಣ ಇಟ್ಟುಕೊಂಡ. ರಟ್ಟಿನ ತುಂಡುಗಳ ಮೇಲೆ ಪದ ಬರೆದರು. ಕ್ಲಿಪ್ಪುಗಳಿಗೆ ದಪ್ಪ ತಂತಿ ಬಗ್ಗಿಸಿ ಕಟ್ಟಿ ದೀರ್ಘ ಮಾಡಿದರು. ಕಲಿತವರು ಅದರಲ್ಲಿ ಒಂದನ್ನು ಇಳಿ ಎನ್ನುತ್ತಾರೆ, ಇನ್ನೊಂದನ್ನು ಮಾತ್ರ ದೀರ್ಘ ಎನ್ನುತ್ತಾರೆ. ಅಂಟಣ್ಣನ ಮನೆಯಲ್ಲಿ ಎಳೆದು ಹೇಳುವುದೆಲ್ಲ ದೀರ್ಘ. ‘ಬಳೆ’ಯ ಮೊದಲ ಅಕ್ಷರಕ್ಕೆ ಕ್ಲಿಪ್ಪು ಸಿಕ್ಕಿಸಿದರೆ ‘ಬಾಳೆ’. ತೆಗೆದರೆ ಮತ್ತೆ ಕೈಗೆ ಬಳೆ. ಬುಗುರಿ ಕಣ್ಣರಳಿಸಿ, “ಇನ್ನೊಂದ್ಸಲ!” ಎಂದಳು. ‘ಹಳೆ’ಗೆ ಸಿಕ್ಕಿಸಿದರೆ ‘ಹಾಳೆ’. ಅಪ್ಪ ತೋಳು ಮಡಿಚಿ ‘ಬಲ’ ಎಂದು ತೋರಿಸಿದರೆ, ಅವಳು ಅದಕ್ಕೆ ಕ್ಲಿಪ್ಪು ಸಿಕ್ಕಿಸಿ ‘ಬಾಲ’ ಮಾಡಿ ಅಪ್ಪನ ಹಿಂದೆ ಹೋಗಿ ಹುಡುಕಿದಳು.

ಆಟ ಆಟವೇ. ಆದರೆ ಅಂಟಣ್ಣ ಪುಸ್ತಕ ಬಿಚ್ಚಿ, ಗಂಟಲು ಸರಿಮಾಡಿಕೊಂಡು, “ಎಲ್ಲಿ, ಓದು” ಎಂದ ಕೂಡಲೇ ಅವಳ ಬಾಯಿಗೆ ಬೀಗ ಬೀಳುತ್ತಿತ್ತು. ಇಲ್ಲವೇ ಮತ್ತದೇ ಬಾಯಿಪಾಠ. ಸೋಮವಾರ ಹತ್ತಿರ ಬರುತ್ತಿತ್ತು. ಅಂಟಣ್ಣ ಇದ್ದಬದ್ದ ವಸ್ತುಗಳಿಗೆಲ್ಲ ಈ ಸಲ ಗೋಂದಿಲ್ಲದೆ ದಾರದಲ್ಲಿ ರಟ್ಟು ಕಟ್ಟಿದ. ಒಳಗೆ ಜಾಗ ಮುಗಿದಾಗ ಹೊರಗೆ ಬಂದ. ಬೀದಿಬಾಗಿಲ ಪಕ್ಕದ ಮೊಳೆಗೆ ‘ಮನೆ’ ಎಂದು ನೇತುಹಾಕಿದ. ಅದರ ಕೆಳಗೇ ಗೋಡೆಗೆ ಒರಗಿಸಿದ್ದ ದಪ್ಪ ಕೋಲೊಂದಿತ್ತು. ಚಿಲಕ ಸಡಿಲವಾಗಿದ್ದ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಹೊರಗಿನಿಂದ ಆನಿಸಲು ಇಟ್ಟುಕೊಂಡಿದ್ದ ಕೋಲು ಅದು. ಅದರ ತುದಿಗೆ ‘ಬಡಿಗೆ’ ಎಂದು ಕಟ್ಟಿದ. ಶನಿವಾರ ಸಂಜೆಯ ಹೊತ್ತಿಗೆ ಆ ಎರಡು ರಟ್ಟು, ಒಂದರ ಕೆಳಗೊಂದು, ಬೀದಿಗೆ ಮುಖ ಮಾಡಿ ನೇತಾಡುತ್ತಿದ್ದವು.

ಭಾನುವಾರ ಬೆಳಿಗ್ಗೆ ಅದೇ ಬಡಿಗೆಯ ಮೊದಲ ಅಕ್ಷರಕ್ಕೆ ಒಂದು ಕ್ಲಿಪ್ಪು ಕಚ್ಚಿಕೊಂಡಿತ್ತು. ಬಡಿಗೆಗೆ ದೀರ್ಘ ಬಿದ್ದರೆ ಬಾಡಿಗೆ. ದಾರಿಹೋಕರ ಕಣ್ಣಿಗೆ ಈಗ ಕಾಣುತ್ತಿದ್ದದ್ದು ಇಷ್ಟೇ: ಮನೆ, ಬಾಡಿಗೆ. ಅಂಟಣ್ಣ ಹೊರಗೆ ಬಂದು ನೋಡಲಿಲ್ಲ. ತಾನೇ ಬರೆದದ್ದನ್ನು ಮತ್ತೆ ಓದುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇಲ್ಲ.

ಹೆಂಡತಿ ಬೆಳಗಿನ ಪಾಳಿಗೆ ಆಸ್ಪತ್ರೆಗೆ ಹೋಗಿದ್ದಳು. ಬುಗುರಿ ಕಾಂಪೌಂಡಿನ ಮೇಲೆ ಒಂಟಿಕಾಲಲ್ಲಿ ನಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ಒಂಬತ್ತು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಛತ್ರಿ ಹಿಡಿದ ಒಬ್ಬರು, ಅವರ ಹಿಂದೆ ಅವರ ಹೆಂಡತಿ.

“ನೋಡಬಹುದಾ?” ಎಂದರು ಛತ್ರಿಯವರು.

ಅಂಟಣ್ಣನ ಎದೆ ಅರಳಿತು. ತನ್ನ ಪ್ರಯೋಗದ ಬಗ್ಗೆ ಅವನು ಪಾರ್ಸಲ್ ಕಚೇರಿಯಲ್ಲಿ ಕೊಚ್ಚಿಕೊಂಡದ್ದು ಒಂದೆರಡು ಸಲವಲ್ಲ. ಕೊನೆಗೂ ಊರಿಗೆ ಸುದ್ದಿ ಮುಟ್ಟಿತಲ್ಲ!

“ಬನ್ನಿ ಬನ್ನಿ! ನೋಡಲಿ ಅಂತಾನೇ ಹೊರಗೆ ನೇತುಹಾಕಿರೋದು!”

ಛತ್ರಿಯವರು ಒಳಗೆ ಬಂದು ಸುತ್ತ ನೋಡಿದರು. ಎಲ್ಲೆಲ್ಲೂ ರಟ್ಟು ನೇತಾಡುತ್ತಿತ್ತು. ಸಾಮಾನು ಕಟ್ಟಿಡಲು ಗುರುತು ಹಾಕಿದ್ದಾರೆ ಎಂದುಕೊಂಡರು.

“ನೀರು ಚೆನ್ನಾಗಿ ಬರುತ್ತಾ?”

“ನೀರು ಈಗ ಪರವಾಗಿಲ್ಲ ಸರ್. ಮೊದಲ ವಾರ ‘ನಿರು’ ಅಂತ ಬರ್ತಾ ಇತ್ತು.”

“ಅಂದ್ರೆ ಸಣ್ಣಗೆ?”

“ಹೂಂ, ತೀರಾ ಗಿಡ್ಡ. ಈಗ ಉದ್ದಕ್ಕೆ ಬರುತ್ತೆ.”

“ಗಾಳಿ, ಬೆಳಕು?” ಎಂದು ಹೆಂಡತಿ ಕೇಳಿದರು.

“ಗಾಳಿ ಬಂದಿದೆ ಅಮ್ಮ. ಬೆಳಕು ಇನ್ನೂ ಬಂದಿಲ್ಲ. ಸುಳ್ಳು ಯಾಕೆ ಹೇಳ್ಲಿ? ನಡುವೆ ಆ ಳ ಇದೆಯಲ್ಲ, ನಾನೇ ಅದರ ಮೇಲೆ ಬಿದ್ದಿದ್ದೆ.”

ಆ ‘ಳ’ ಯಾವುದು ಎಂದು ಅವರಿಗೆ ತಿಳಿಯಲಿಲ್ಲ. ನೆಲ ಎಲ್ಲೋ ಕಿತ್ತುಹೋಗಿರಬೇಕು ಎಂದುಕೊಂಡು ಸೆರಗು ಹಿಡಿದು ಹುಷಾರಾಗಿ ಹೆಜ್ಜೆಯಿಟ್ಟರು.

“ಎಷ್ಟು ಜನ ಇರಬಹುದು?”

“ಎಷ್ಟು ಜನ ಬೇಕಾದ್ರೂ! ಮಕ್ಕಳಿದ್ರೆ ಇನ್ನೂ ಒಳ್ಳೇದು.”

“ನಮಗೆ ಮೂವರು. ಸ್ವಲ್ಪ ಗಲಾಟೆ ಮಾಡ್ತಾವೆ.”

“ಮಾಡ್ಲಿ ಸರ್! ನೆಲದ ಮೇಲೆ ಕುಣೀಲಿ, ಗೋಡೆ ಮೇಲೆ ಬರೀಲಿ! ಅದಿಲ್ಲದೆ ಏನು ಪ್ರಯೋಜನ?”

ಛತ್ರಿಯವರ ಹೆಂಡತಿಯ ಕಣ್ಣಲ್ಲಿ ನೀರು ಬಂತು. ಅವರು ಇದುವರೆಗೆ ಹನ್ನೊಂದು ಮನೆ ನೋಡಿದ್ದರು. ಹನ್ನೊಂದರಲ್ಲೂ ಮಕ್ಕಳು ಎಂದ ಕೂಡಲೇ ಬಾಗಿಲು ಅರ್ಧ ಮುಚ್ಚಿತ್ತು.

“ತಿಂಗಳಿಗೆ ಎಷ್ಟು ಕೊಡ್ಬೇಕು?” ಎಂದರು ಛತ್ರಿಯವರು, ಉಸಿರು ಬಿಗಿಹಿಡಿದು.

“ಛೆ ಛೆ, ದುಡ್ಡಾ? ಒಂದು ಕಾಸೂ ಬೇಡ. ಇದು ಸೇವೆ ಸರ್!”

“ಯಾವಾಗ ಬರ್ಬಹುದು?”

“ನಾಳೆಯಿಂದಲೇ ಬನ್ನಿ.”

“ಸಾಮಾನು?”

“ನಿಮ್ಮ ಹತ್ರ ಏನಿದೆಯೋ ತನ್ನಿ. ಬಟ್ಟೆ ಕ್ಲಿಪ್ಪು ಜಾಸ್ತಿ ಇದ್ರೆ ಒಳ್ಳೇದು.”

ದಂಪತಿ ಕಾಲು ನೆಲದ ಮೇಲೆ ನಿಲ್ಲದವರಂತೆ ಹೊರಗೆ ಬಂದರು. ಇಷ್ಟು ದೊಡ್ಡ ಸಂತೋಷವನ್ನು ಯಾರಿಗೂ ಹೇಳದೆ ಹೋಗುವುದು ಮನುಷ್ಯಮಾತ್ರದವರಿಗೆ ಸಾಧ್ಯವಿಲ್ಲ. ಎದುರುಮನೆ ಅಜ್ಜಿ ಕಿಟಕಿಯಲ್ಲೇ ಇದ್ದರು. ಅವರಿಗೆ ಹೇಳಿದ ಮೇಲೆ ಊರಿಗೆ ಬೇರೆಯಾಗಿ ಹೇಳುವ ಅಗತ್ಯ ಬೀಳಲಿಲ್ಲ. ಹತ್ತು ಗಂಟೆಗೆ ಬಾಗಿಲಲ್ಲಿ ಐದು ಜನ. ಹತ್ತೂವರೆಗೆ ಸಾಲು ಬೀದಿಯ ತಿರುವು ದಾಟಿತ್ತು. ಬ್ರೆಡ್ ಅಂಗಡಿಯಾತ ಅಂಗಡಿ ಅರ್ಧ ಮುಚ್ಚಿ ಬಂದು ಮಲಗುವ ಕೋಣೆಯನ್ನು ಗೇಣಿನಿಂದ ಅಳೆಯುತ್ತಿದ್ದ. ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನೊಬ್ಬ ಅಂಟಣ್ಣನನ್ನು ಮೂಲೆಗೆ ಕರೆದು ಸಂಕೋಚದಿಂದ ಕೇಳಿದ.

“ಅಣ್ಣಾ, ನಾನು ಬಂದ್ರೆ ಸ್ವಲ್ಪ ಶಬ್ದ ಆಗುತ್ತೆ.”

“ಶಬ್ದ ಆಗ್ಲೇಬೇಕಪ್ಪ! ಶಬ್ದಕ್ಕೋಸ್ಕರ ತಾನೇ ಇಷ್ಟೆಲ್ಲ? ಎಷ್ಟು ಬೇಕಾದ್ರೂ ಮಾಡು, ಸ್ಪಷ್ಟವಾಗಿರ್ಲಿ ಅಷ್ಟೇ.”

ಡ್ರಮ್ಮಿನವನು ಅಂಟಣ್ಣನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡ. ಅಂಟಣ್ಣನಿಗೆ ತಾನು ಇಷ್ಟು ದೊಡ್ಡ ಮನುಷ್ಯ ಎಂಬುದು ತನಗೇ ಇಷ್ಟು ದಿನ ತಿಳಿಯದೆ ಹೋಯಿತಲ್ಲ ಎಂದು ಬೇಸರವಾಯಿತು.

ಅಷ್ಟರಲ್ಲಿ ಮಹಡಿ ಯಜಮಾನರು ವಾಕಿಂಗ್ ಮುಗಿಸಿ ಬಂದರು. ತಮ್ಮ ಗೇಟಿನ ಮುಂದೆ ಸಾಲು ನೋಡಿ ಗಾಬರಿಯಾಗಿ ನುಗ್ಗಲು ಹೋದರೆ ಒಬ್ಬ ಹೆಂಗಸು ಅಡ್ಡಗಟ್ಟಿದಳು. “ಏನ್ರೀ, ವಯಸ್ಸಾದ ಮಾತ್ರಕ್ಕೆ ನುಗ್ಗೋದಾ? ಹಿಂದೆ ನಿಲ್ಲಿ.”

“ಇದು ನನ್ನ ಮನೆ!”

“ಎಲ್ಲರೂ ಹಾಗೇ ಹೇಳ್ತಾ ಇದಾರೆ. ಇನ್ನೂ ಯಾರಿಗೂ ಗಟ್ಟಿಯಾಗಿಲ್ಲ. ಪುಕ್ಕಟೆ ಮನೆ ಅಂದ್ರೆ ಸುಮ್ನೆನಾ?”

‘ಪುಕ್ಕಟೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ಯಜಮಾನರ ಮುಖ ಕೆಂಪಾಯಿತು. ತಲೆಯೆತ್ತಿದರೆ ಗೋಡೆಯ ಮೇಲೆ ಮನೆ, ಬಾಡಿಗೆ ಎಂಬ ಎರಡು ರಟ್ಟು. ತಮ್ಮ ಮನೆಯನ್ನು ಬಾಡಿಗೆಯವನು ಒಳಬಾಡಿಗೆಗೆ, ಅದೂ ಪುಕ್ಕಟೆಯಾಗಿ ಹಂಚುತ್ತಿದ್ದಾನೆ! ಅವರು ದಡದಡ ಮಹಡಿ ಹತ್ತಿದರು. ಕಚೇರಿ ಬಿಟ್ಟ ಮೇಲೆ ಮುಟ್ಟಿರದ ಮಸಿ ಪೆನ್ನು ತೆಗೆದು, ಕೋಪದ ಭರದಲ್ಲಿ ಒಂದು ಹಾಳೆಯ ಮೇಲೆ ಒಂದೇ ಸಾಲು ಬರೆದು, ಅದನ್ನು ನಾಲ್ಕು ಮಡಿಕೆ ಮಾಡಿ ಹಿಡಿದು ಇಳಿದು ಬಂದರು.

ಅದೇ ಹೊತ್ತಿಗೆ ಹೆಂಡತಿಯೂ ಕೆಲಸ ಮುಗಿಸಿ ಹಿತ್ತಿಲ ಬಾಗಿಲಿನಿಂದ ಬಂದಳು. ಅಡುಗೆಮನೆಯಲ್ಲಿ ಅಪರಿಚಿತ ಹೆಂಗಸೊಬ್ಬಳು ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಿದ್ದಳು. “ಕಪಾಟು ಚಿಕ್ಕದಾಯ್ತು, ಅಲ್ವಾ?” ಎಂದು ಇವಳನ್ನೇ ಕೇಳಿದಳು. ಹೆಂಡತಿ ಅವಳನ್ನು ಪಕ್ಕಕ್ಕೆ ಸರಿಸಿ ನಡುಮನೆಗೆ ಬಂದು, “ರೀ! ಏನ್ ಮಾಡಿದ್ರಿ ಮತ್ತೆ?” ಎಂದಳು. ಆ ‘ಮತ್ತೆ’ಯಲ್ಲಿ ಹದಿಮೂರು ವರ್ಷದ ಸಂಸಾರವಿತ್ತು.

“ಎಲ್ಲ ನಮ್ಮ ಪ್ರಯೋಗ ನೋಡೋಕೆ ಬಂದಿದಾರೆ ಕಣೇ!”

“ಪ್ರಯೋಗ ಅಂತೆ!” ಯಜಮಾನರ ದನಿ ಬಾಗಿಲಿನಿಂದ ಗುಡುಗಿತು. “ಹೊರಗೆ ಬಂದು ಓದ್ರೀ, ನೀವೇ ಬರೆದ ಬೋರ್ಡನ್ನ!”

ಎಲ್ಲರೂ ಹೊರಗೆ ಬಂದರು. ಅಂಟಣ್ಣ ಓದಿದ. ಕಣ್ಣುಜ್ಜಿ ಮತ್ತೊಮ್ಮೆ ಓದಿದ. ಬೆಳಗಿನಿಂದ ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು.

“ಸರ್, ನಾನು ಬರೆದದ್ದು ಬಡಿಗೆ. ಈ ಕೋಲಿಗೆ. ದೀರ್ಘ ನಾನು ಹಾಕಿಲ್ಲ.”

“ಮತ್ಯಾರು ಹಾಕಿದ್ದು? ಬಡಿಗೆಗೇ ಬೇಜಾರಾಗಿ ಹಾಕ್ಕೊಂಡ್ತಾ?”

ಕಾಂಪೌಂಡಿನ ಮೇಲಿನಿಂದ ದನಿ ಬಂತು. “ನಾನು ಹಾಕಿದೆ.”

ಬುಗುರಿ ಧುಮುಕಿ ಬಂದು ಅಪ್ಪನ ಪಕ್ಕ ನಿಂತಳು. ಅವಳ ಮುಖದಲ್ಲಿ ತಪ್ಪು ಮಾಡಿದ ಅಳುಕೇನೂ ಇರಲಿಲ್ಲ. “ಅಪ್ಪ ತಪ್ಪು ಬರೆದಿದ್ದ. ಶಾಲೆ ದಾರಿಯಲ್ಲಿ ನೀಲಿ ಗೇಟಿನ ಮೇಲೆ ಬೋರ್ಡಿದೆಯಲ್ಲ, ಅಲ್ಲಿ ಮನೆ ಆದ್ಮೇಲೆ ‘ಬಾ’ ಇದೆ. ಬಾ, ಡಿ, ಗೆ. ಅಪ್ಪ ಬರೀ ‘ಬ’ ಹಾಕಿದ್ದ. ಅದಕ್ಕೆ ಸರಿ ಮಾಡಿದೆ.”

ಅಂಟಣ್ಣ ಒಂದು ವಿಚಿತ್ರ ಸದ್ದು ಮಾಡಿದ. ಅಳುವೋ ನಗುವೋ ಹೇಳಲು ಬರುವಂತಿರಲಿಲ್ಲ. “ಕೇಳಿದ್ಯೇನೇ? ದಾರಿಯ ಬೋರ್ಡು ಓದಿದಾಳೆ! ನನ್ನ ಕಾಗುಣಿತ ತಿದ್ದಿದಾಳೆ! ಸರ್, ನನ್ನ ಮಗಳು ಓದಿದಾಳೆ ಸರ್!” ಎಂದು ಯಜಮಾನರ ಭುಜ ಹಿಡಿದು ಅಲ್ಲಾಡಿಸಿದ.

ಯಜಮಾನರು ಕೈ ಕೊಡವಿದರು. “ಕತೆ ಕಟ್ಟಬೇಡಿ! ನಿಮ್ಮ ಹುಡುಗಿಗೆ ಓದೋಕೆ ಬರಲ್ಲ ಅಂತ ಬೀದಿಗೇ ಗೊತ್ತು. ನಿಮ್ಮ ತಪ್ಪನ್ನ ಮಗು ತಲೆಗೆ ಕಟ್ಟಿ ಪಾರಾಗೋಕೆ ನೋಡ್ತೀರಾ?”

ಹೆಂಡತಿಯ ಮುಖ ಸಣ್ಣದಾಯಿತು. ಬುಗುರಿ ತಲೆ ಬಗ್ಗಿಸಿ ಕಾಲುಬೆರಳಿನಿಂದ ಮಣ್ಣು ಕೆದಕಿದಳು. ಅಷ್ಟೊತ್ತಿಗೆ ಸಾಲಿನಿಂದ ಯಾರೋ ಮುಂದೆ ಬಂದರು. ನೋಡಿದರೆ ಟೀಚರಮ್ಮ. ಶಾಲೆಯ ಹತ್ತಿರ ಮನೆ ಹುಡುಕುತ್ತಿದ್ದವರು ಸುದ್ದಿ ಕೇಳಿ ಬಂದು ಸಾಲಿನಲ್ಲಿ ನಿಂತಿದ್ದರು.

“ಬರುತ್ತೋ ಇಲ್ವೋ ನೋಡೋಣ ಯಜಮಾನ್ರೆ,” ಎಂದರು ಅವರ ಕೈಯಲ್ಲಿದ್ದ ಹಾಳೆಯ ಕಡೆ ನೋಡುತ್ತ. “ಅದರಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಅವಳ ಕೈಗೆ ಕೊಡಿ.”

“ಇದು ಇವರಿಗೇ ಬರೆದ ನೋಟೀಸು. ಓದಲಿ! ಎಲ್ಲರಿಗೂ ಕೇಳೋ ಹಾಗೆ ಓದಲಿ!”

ಬುಗುರಿ ಹಾಳೆಯನ್ನು ಬಿಚ್ಚಿದಳು. ಎಲ್ಲಕ್ಕಿಂತ ಮೊದಲು ಟೀಚರಮ್ಮ ಗಮನಿಸಿದ್ದು, ಅವಳು ಅದನ್ನು ನೆಟ್ಟಗೆ ಹಿಡಿದಿದ್ದಳು. ಅವಳ ಬೆರಳು ಮೊದಲ ಅಕ್ಷರದ ಮೇಲೆ ನಿಂತಿತು. ತುಟಿ ಅಲುಗಿತು, ದನಿ ಬರಲಿಲ್ಲ. ಅಂಟಣ್ಣನ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ಹೆಂಡತಿ ಅದರ ಮೇಲೆ ಕೈಯಿಟ್ಟು ಮುಚ್ಚಿದಳು.

“ನೀ... ವು. ನೀವು,” ಎಂದಳು ಬುಗುರಿ. “ನಾ... ಳೆ... ಯೇ. ನಾಳೆಯೇ.”

“ಭೇಷ್!” ಎಂದ ಬ್ರೆಡ್ ಅಂಗಡಿಯಾತ. ಹತ್ತು ಜನ ಅವನ ಕಡೆ ತಿರುಗಿ ಶ್ ಎಂದರು.

ಮುಂದಿನ ಪದಕ್ಕೆ ಬೆರಳು ತಡವರಿಸಿತು. “ನ... ಆಮೇಲೆ ಇನ್ನೊಂದು ನ. ಅದರ ಕೆಳಗೆ ಏನೋ ಕೂತಿದೆ.” ಬುಗುರಿ ಒಂದು ಕಾಲೆತ್ತಿ ಕುಪ್ಪಳಿಸಿದಳು. ಮತ್ತೊಮ್ಮೆ ಕುಪ್ಪಳಿಸಿದಳು. “ನ, ನ್ನ. ನನ್ನ! ನನ್ನ ಮನೆ!”

ಅಂಟಣ್ಣನ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. ತನ್ನನ್ನೇ ಮನೆಯಿಂದ ಹೊರಗೆ ಹಾಕುವ ನೋಟೀಸನ್ನು ಇಷ್ಟು ಸಂತೋಷದಿಂದ ಕೇಳಿಸಿಕೊಂಡ ಬಾಡಿಗೆದಾರ ಮತ್ತೊಬ್ಬನಿರಲಾರ. “ಮುಂದೆ, ಮುಂದೆ!” ಎಂದು ಹೆಂಡತಿಯ ಅಂಗೈಯೊಳಗಿನಿಂದಲೇ ಗೊಣಗಿದ.

“ಬೀ... ಡಿ. ಬೀಡಿ.” ಬುಗುರಿ ತಲೆಯೆತ್ತಿ ಒಂದೇ ಉಸಿರಿಗೆ ಇಡೀ ಸಾಲು ಓದಿದಳು. “ನೀವು ನಾಳೆಯೇ ನನ್ನ ಮನೆ ಬೀಡಿ.”

ಹಿಂದಿನಿಂದ ಯಾರೋ ಕಿಸಕ್ಕೆಂದರು.

“ಬಿಡಿ!” ಎಂದರು ಯಜಮಾನರು. “ಮನೆ ಬಿಡಿ ಅಂತ ಇದೆ, ಸರಿಯಾಗಿ ನೋಡು!”

“ಇಲ್ಲ ತಾತ, ದೀರ್ಘ ಇದೆ. ಬೀಡಿ.”

“ನಾನು ಬರೆದಿದೀನಿ, ನನಗೆ ಗೊತ್ತಿಲ್ವಾ?”

“ನೀವು ಬರೆದಿದೀರಿ ತಾತ. ನಾನು ಓದ್ತಾ ಇದೀನಿ,” ಎಂದಳು ಬುಗುರಿ. ಹಾಳೆಯನ್ನು ಅವರ ಮುಖಕ್ಕೆ ಹಿಡಿದು ಬೆರಳಿಟ್ಟು ತೋರಿಸಿದಳು.

ಯಜಮಾನರು ಕನ್ನಡಕ ಏರಿಸಿದರು. ಕೋಪದಲ್ಲಿ ಎಳೆದ ಪೆನ್ನು ‘ಬಿ’ಯ ಪಕ್ಕದಲ್ಲಿ ಒಂದು ದೀರ್ಘವನ್ನು ಸುರುಳಿ ಸಮೇತ, ಬಹಳ ಅಂದವಾಗಿ ಬರೆದಿತ್ತು. ಮೂವತ್ತೆಂಟು ವರ್ಷ ತಪ್ಪು ತಿದ್ದಿದ ಮನುಷ್ಯ ಅದನ್ನೇ ನೋಡುತ್ತ ನಿಂತರು. ಡ್ರಮ್ಮಿನವನು ತಡೆಯಲಾರದೆ, “ಬೆಂಕಿಪೊಟ್ಟಣ ನಾನು ತರ್ತೀನಿ ಯಜಮಾನ್ರೆ!” ಎಂದ. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎದುರುಮನೆ ಅಜ್ಜಿ ಕಿಟಕಿಯ ಸರಳು ಹಿಡಿದು ನಗುತ್ತಲೇ ಕೆಳಗೆ ಕೂತರು.

ಯಜಮಾನರು ಜೇಬಿನಿಂದ ಪೆನ್ನು ತೆಗೆದರು. ಅಂಟಣ್ಣ ಓಡಿ ಅವರ ಕೈ ಹಿಡಿದ. “ಬೇಡ ಸರ್, ದಮ್ಮಯ್ಯ, ತಿದ್ದಬೇಡಿ! ಆ ದೀರ್ಘ ಹೋದ್ರೆ ನಮ್ಮ ಮನೆ ಹೋಗುತ್ತೆ!”

ಟೀಚರಮ್ಮ ಇಬ್ಬರ ನಡುವಿನಿಂದ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡು, ಮಡಿಚಿ, ಚೀಲಕ್ಕೆ ಹಾಕಿದರು.

“ರೀ ಅಮ್ಮ, ಅದು ನನ್ನ ನೋಟೀಸು!”

“ಆಗಿತ್ತು. ಈಗ ಇವಳ ಪರೀಕ್ಷೆ ಪತ್ರಿಕೆ. ಶಾಲೆಯಲ್ಲಿ ಇಟ್ಟುಕೊಳ್ಬೇಕು.” ಅವರು ಬುಗುರಿಯ ತಲೆ ಸವರಿದರು. “ನಾಳೆ ಪರೀಕ್ಷೆ ಬೇಕಾಗಿಲ್ಲ ಕಣೇ. ಕಿಟಕಿ ಪಕ್ಕ ಕೂತ್ಕೊಂಡ್ರೆ ಹೊರಗೆ ನೋಡ್ತಾ ಇರಬಾರ್ದು, ಗೊತ್ತಾಯ್ತಾ?”

ಬುಗುರಿ ನಿಂತಲ್ಲೇ ಎರಡು ಸುತ್ತು ತಿರುಗಿದಳು. ಅವಳಮ್ಮ ಸೆರಗಿನಿಂದ ಮೊದಲು ತನ್ನ ಕಣ್ಣು, ಆಮೇಲೆ ಗಂಡನ ಮೂಗು ಒರೆಸಿದಳು. ಛತ್ರಿಯವರು ಮಾತ್ರ ಇನ್ನೂ ಆಸೆ ಬಿಟ್ಟಿರಲಿಲ್ಲ. “ಹಾಗಾದ್ರೆ ನಾಳೆ ನಾವು ಸಾಮಾನು ತರೋದೋ, ಬೇಡ್ವೋ?” ಎಂದು ಕೇಳಿದರು. ಎಲ್ಲರೂ ಯಜಮಾನರ ಮುಖವನ್ನೇ ನೋಡುತ್ತಿದ್ದರು.

ಯಜಮಾನರು ಬುಗುರಿಯನ್ನು ಮೇಲಿಂದ ಕೆಳಗೆ ನೋಡಿದರು. ಅವಳೂ ಅವರನ್ನು ಕೆಳಗಿಂದ ಮೇಲೆ ನೋಡಿದಳು. ಅವರ ಮೀಸೆಯ ಒಂದು ತುದಿ ಸ್ವಲ್ಪ ಅಲುಗಿತು. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

“ಹೋಗ್ಲಿ ಬಿಡಿ,” ಎಂದರು.

ಅಂಟಣ್ಣ ಮತ್ತೆ ಅವರ ಕೈ ಹಿಡಿದ. “ಬಿಡೋದು... ಮನೆನಾ ಸರ್?”

“ಅಯ್ಯೋ, ವಿಷಯ ಬಿಡಿ ಅಂದೆ ಕಣಯ್ಯ! ವಿಷಯ!”

ಬುಗುರಿ ಗಾಳಿಯಲ್ಲಿ ಬೆರಳಾಡಿಸಿ ಆ ಪದವನ್ನು ಬರೆದು ನೋಡಿದಳು. ಆಮೇಲೆ ಅಪ್ಪನ ಅಂಗಿ ಜಗ್ಗಿ, “ಹೆದ್ರಬೇಡಪ್ಪ, ಈ ಸಲ ತಾತ ಸರಿಯಾಗೇ ಹೇಳಿದಾರೆ,” ಎಂದಳು. “ದೀರ್ಘ ಇಲ್ಲ.”